ಚೀಟಿ ಅಂಟಿಸಿದ ಪುಟ

ಸರಸ್ವತಿಪುರಂನ ಮನೆಗೆ ಸುಣ್ಣ ಬಳಿಸುವಾಗ ಅಟ್ಟದ ಟ್ರಂಕಿನಲ್ಲಿ, ಅಕ್ಕನೂ ನಾನೂ ಕಿತ್ತಾಡಿಕೊಂಡು ಓದಿದ ಇಪ್ಪತ್ತಾರು ಅಮರ ಚಿತ್ರ ಕಥೆಗಳು ಸಿಕ್ಕವು. ಪಿನ್ನುಗಳು ತುಕ್ಕು ಹಿಡಿದು, ತಿರುವಿದರೆ ಅಂಚು ಮುರಿಯುವಂತಿದ್ದುದರಿಂದ, ಮಂಡ್ಯದಲ್ಲಿರುವ ಅಕ್ಕನಿಗೂ ನೋಡಲು ಸಿಗಲೆಂದು ಅವನ್ನು ಸ್ಕ್ಯಾನ್ ಮಾಡಲು ಕುಳಿತೆ. (ಹಕ್ಕು ಪ್ರಕಾಶಕರದು, ಮನೆಯವರ ಆಚೆಗೆ ಯಾರಿಗೂ ಕಳಿಸಿಲ್ಲ.) ಒಂದು ಭಾನುವಾರದ ಕೆಲಸವೆಂದುಕೊಂಡದ್ದು ಎರಡು ತಿಂಗಳು ಹಿಡಿಯಿತು.

ಮೊದಲು ಫೋನಿನ ಸ್ಕ್ಯಾನಿಂಗ್ ಆ್ಯಪನ್ನು ನಂಬಿ ಕೆಟ್ಟೆ. ಪುಟದ ಅಂಚನ್ನು ತಾನೇ ಹುಡುಕುವ ಆ ಆ್ಯಪು, ಕಾಮಿಕ್ಸಿನ ಪ್ರತಿ ಚಿತ್ರಕ್ಕೂ ಕಪ್ಪು ಚೌಕಟ್ಟಿರುವುದರಿಂದ, ಒಂದೇ ಒಂದು ಚಿತ್ರವನ್ನು ಇಡೀ ಪುಟವೆಂದು ತಿಳಿದು ಉಳಿದುದನ್ನು ಕತ್ತರಿಸಿ ಎಸೆಯುತ್ತಿತ್ತು. ಹಳೆಯ ಸ್ಕ್ಯಾನರ್ ತೆಗೆದರೆ, ಕಂಪ್ಯೂಟರ್ ಅಪ್‌ಡೇಟ್ ಆದಂದಿನಿಂದ ಅದನ್ನು ನಡೆಸುವ ತಂತ್ರಾಂಶ (ಡ್ರೈವರ್) ಕೆಲಸ ಮಾಡುತ್ತಿರಲಿಲ್ಲ. ರಿಪೇರಿಯವರು "ಹೊಸದು ತಗೊಳ್ಳಿ ಸಾರ್" ಎಂದರು. ಅಕ್ಕನ ಮಗ ಬಿಟ್ಟುಹೋಗಿದ್ದ ಹಳೆಯ ಲ್ಯಾಪ್‌ಟಾಪಿಗೆ ಜೋಡಿಸಿದೆ, ನಡೆಯಿತು.

ಈ ಪುಸ್ತಕಗಳ ಬಣ್ಣವೆಲ್ಲ ನೀಲಿ, ಕೆಂಪು, ಹಳದಿ, ಕಪ್ಪು ಚುಕ್ಕಿಗಳ ಜೋಡಣೆ. 300 ಡಿಪಿಐನಲ್ಲಿ (ಇಂಚಿಗೆ 300 ಚುಕ್ಕಿ) ಸ್ಕ್ಯಾನ್ ಮಾಡಿದಾಗ ಅಚ್ಚಿನ ಚುಕ್ಕಿಗಳೂ ಸ್ಕ್ಯಾನರ್ ಓದುವ ಚುಕ್ಕಿಗಳೂ ಒಂದಕ್ಕೊಂದು ತಾಳೆಯಾಗದೆ, ಆಕಾಶದ ಮೇಲೆ ಸೊಳ್ಳೆಪರದೆ ಹಾಸಿದಂತೆ ಅಲೆಗಳು ಮೂಡಿದವು. 600ರಲ್ಲಿ ತೆಗೆದು, ತುಸು ಮಬ್ಬುಗೊಳಿಸಿ, ಬಳಿಕ ಅಳತೆಯನ್ನು ಅರ್ಧಕ್ಕಿಳಿಸಿದಾಗ ಅವು ಬಹುಮಟ್ಟಿಗೆ ಮಾಯವಾದವು. ಆದರೆ 600ರ ಮೂಲ ಸ್ಕ್ಯಾನ್ ಪುಟವೊಂದಕ್ಕೆ ಸುಮಾರು 70 ಎಂಬಿ. ಕಾರ್ಕಳದ ಅನಂತ ಪೈಯವರು 1967ರಲ್ಲಿ ಆರಂಭಿಸಿದ ಈ ಮಾಲೆಯ ಪುಸ್ತಕಕ್ಕೆ ಸಾಮಾನ್ಯವಾಗಿ 32 ಪುಟಗಳಾದ್ದರಿಂದ, ಒಂದು ಕಥೆಗೇ ಎರಡು ಜಿಬಿಗೂ ಮಿಕ್ಕಿತು. ಹಿಂಬದಿಯ ಅಚ್ಚು ಈ ಕಡೆ ಇಣುಕದಂತೆ ಪುಟದ ಹಿಂದೆ ಕಪ್ಪು ಕಾಗದ ಇಡುವುದನ್ನು ಮಾತ್ರ ತಡವಾಗಿ ಕಲಿತೆ. ಮೊದಲ ನಾಲ್ಕು ಪುಸ್ತಕಗಳನ್ನು ಮತ್ತೆ ಮಾಡಬೇಕಾಯಿತು.

ಕರ್ಣನ ಕಥೆಯ ಕೊನೆಯ ಭಾಗಕ್ಕೆ ಬಂದಾಗ ಕೈ ನಿಂತಿತು. ಅವನ ರಥದ ಚಕ್ರ ನೆಲದಲ್ಲಿ ಹೂತ ಚಿತ್ರದ ಮೇಲೆ, ಕಾಪಿ ಪುಸ್ತಕದಿಂದ ಹರಿದ ಗೆರೆಯ ಚೀಟಿಯೊಂದು ಅಂಟಿಕೊಂಡಿತ್ತು. ಅಂಚಿನಲ್ಲಿ ಒಣಗಿ ಗಾಜಿನಂತಾದ ಎರಡು ಅನ್ನದ ಅಗುಳು. ಎರಡನೆಯ ತರಗತಿಯಲ್ಲಿದ್ದ ನಾನು ಆ ಪುಟ ಬಂದಾಗಲೆಲ್ಲ ಊಟ ಬಿಟ್ಟು ಅಳುತ್ತಿದ್ದೆನೆಂದು ಅಕ್ಕ ಮುಚ್ಚಿದ್ದಳು. ನನಗೆ ಅದು ಮರೆತೇಹೋಗಿತ್ತು, ಆದರೂ ಚೀಟಿ ಕಂಡೊಡನೆ ಗಂಟಲು ಕಟ್ಟಿತು. ಅವಳಿಗೆ ತೋರಿಸೋಣವೆಂದು ಫೋನು ಹಿಡಿದು, ಅಭ್ಯಾಸಬಲದಿಂದ ಅದೇ ಆ್ಯಪನ್ನು ತೆರೆದೆ. ಮೂರು ಬಾರಿಯೂ ಅದು ಇಡೀ ಪುಟವನ್ನು ಬಿಟ್ಟು ಆ ಖಾಲಿ ಚೀಟಿಯನ್ನಷ್ಟೇ ಕತ್ತರಿಸಿ ಕೊಟ್ಟಿತು.

ನೀರು ಸವರಿ ಬಿಡಿಸಲೇ ಎಂದು ಕೇಳಲು ಕರೆ ಮಾಡಿದೆ. "ಕೀಳಬೇಡ ಕಣೋ, ಹಾಗೇ ಇರ್ಲಿ" ಎಂದಳು. ಸ್ಕ್ಯಾನ್ ಆದ ಮೇಲೆ ಮಿಕ್ಕ ಪುಟಗಳಿಗೆ ಮಾಡಿದಂತೆ ಇದಕ್ಕೂ ಕಾಂಟ್ರಾಸ್ಟ್ ಏರಿಸಿದಾಗ, ಚೀಟಿಯ ಗೆರೆಗಳ ಅಡಿಯಿಂದ ಚಕ್ರದ ಕಡ್ಡಿಗಳು ನಸುವಾಗಿ ಮೂಡಿಬಂದವು. ಮತ್ತೆ ಇಳಿಸಿ, ಉಳಿದವಕ್ಕಿಂತ ಮಂಕಾಗಿಯೇ ಆ ಪುಟವನ್ನು ಸೇವ್ ಮಾಡಿದೆ.