ಮಳೆ ರಜೆಯ ಸಂದೇಶದಿಂದ ಮಾಧ್ಯಮ ಸಾಕ್ಷರತೆಯ ಪಾಠ: ಗಡಿನಾಡಿನ ಅಧ್ಯಾಪಕರಿಗೆ ಒಂದು ಕೈಪಿಡಿ

ಕೇರಳದ ಕಾಸರಗೋಡು ಜಿಲ್ಲೆಯ ಕನ್ನಡ ಮಾಧ್ಯಮ ಶಾಲೆಗಳಲ್ಲಿ ಸುಳ್ಳು ಸುದ್ದಿಯ ಕುರಿತು ಪಾಠ ಮಾಡಲು ಹೊರಡುವ ಅಧ್ಯಾಪಕರು ಚುನಾವಣೆ, ಯುದ್ಧಗಳಂತಹ ದೊಡ್ಡ ಉದಾಹರಣೆಗಳನ್ನು ಹುಡುಕಬೇಕಾಗಿಲ್ಲ. ಜೂನ್, ಜುಲೈ ತಿಂಗಳುಗಳಲ್ಲಿ ಮಕ್ಕಳ ಮನೆಯ ಮೊಬೈಲಿಗೆ ಬರುವ ಮಳೆ ರಜೆಯ ಸಂದೇಶವೇ ಸಾಕು, ಏಕೆಂದರೆ ಅದು ನಿಜವೋ ಸುಳ್ಳೋ ಎಂದು ತಿಳಿಯುವ ಆಸಕ್ತಿ ಮಕ್ಕಳಿಗೆ ತಾನಾಗಿಯೇ ಇರುತ್ತದೆ.

ಮಂಜೇಶ್ವರ, ಕುಂಬಳೆ, ಬದಿಯಡ್ಕ, ಪೆರ್ಲದ ಕಡೆಯ ಮನೆಗಳ ವಾಟ್ಸ್‌ಆ್ಯಪ್ ಗುಂಪುಗಳಿಗೆ ಮಂಗಳೂರು, ಪುತ್ತೂರುಗಳಲ್ಲಿರುವ ಬಂಧುಗಳಿಂದ ದಕ್ಷಿಣ ಕನ್ನಡದ ರಜೆಯ ಆದೇಶ, ನೆರೆಯವರಿಂದ ಕಾಸರಗೋಡಿನ ಆದೇಶ, ಇನ್ನೆಲ್ಲಿಂದಲೋ ಹಳೆಯ ವರ್ಷದ ಆದೇಶ ಹೀಗೆ ಎಲ್ಲವೂ ಒಂದೇ ರಾತ್ರಿ ಬಂದು ಸೇರುವುದುಂಟು. ಇವುಗಳಲ್ಲಿ ದಕ್ಷಿಣ ಕನ್ನಡದ ಆದೇಶ ಸುಳ್ಳಲ್ಲ, ಆದರೆ ರಾಜ್ಯದ ಗಡಿಯಾದ ತಲಪಾಡಿಯ ಈಚೆಗೆ ಅದು ಅನ್ವಯಿಸುವುದಿಲ್ಲ. ಹಳೆಯ ಆದೇಶವೂ ಹೊರಟ ದಿನ ನಿಜವೇ ಆಗಿತ್ತು. ಆದ್ದರಿಂದ ಗಡಿನಾಡಿನ ತರಗತಿಯಲ್ಲಿ ‘ಇದು ನಿಜವೇ?’ ಎಂಬ ಪ್ರಶ್ನೆಗೆ ಮೊದಲು ‘ಇದು ಎಲ್ಲಿಯದು, ಯಾವತ್ತಿನದು?’ ಎಂದು ಕೇಳುವುದನ್ನು ರೂಢಿಸಬೇಕು. ಇಂತಹ ನಾಲ್ಕೈದು ಸಂದೇಶಗಳನ್ನು ಫೋನ್ ನಂಬರುಗಳನ್ನು ಅಳಿಸಿ ಮುದ್ರಿಸಿ, ಗುಂಪಿಗೊಂದರಂತೆ ಹಂಚಿ, ಜಿಲ್ಲೆ, ದಿನಾಂಕ, ಆದೇಶ ಹೊರಡಿಸಿದ ಅಧಿಕಾರಿ, ಯಾವ ತರಗತಿಗಳಿಗೆ ರಜೆ ಎಂಬುದನ್ನು ಗುರುತಿಸಲು ಹೇಳಬಹುದು.

ಇಲ್ಲಿ ಮಕ್ಕಳು ಸಂದೇಶವನ್ನೇ ತಿರುತಿರುಗಿ ನೋಡಿ, ಮೊಹರು ಇದೆ, ಸಹಿ ಇದೆ, ಅಕ್ಷರ ಸರಿಯಾಗಿದೆ ಎಂದು ತೀರ್ಮಾನಿಸಲು ಮುಂದಾಗುತ್ತಾರೆ. ಅದನ್ನು ತಡೆಯಿರಿ. ಕಾಗುಣಿತದ ತಪ್ಪಿದ್ದರೆ ಸುಳ್ಳು ಎಂಬ ಸೂತ್ರವಂತೂ ನಮ್ಮಲ್ಲಿ ಕೆಲಸಕ್ಕೆ ಬಾರದು. ಮಲಯಾಳದಿಂದ ಕನ್ನಡಕ್ಕೆ ಬಂದ ಅಧಿಕೃತ ಪ್ರಕಟಣೆಗಳಲ್ಲೂ ಅಂತಹ ತಪ್ಪುಗಳು ಇರುವುದುಂಟು. ಸಂದೇಶದಿಂದ ಹೊರಗೆ ಬಂದು, ಕಾಸರಗೋಡು ಜಿಲ್ಲಾಧಿಕಾರಿಗಳ ಅಧಿಕೃತ ಪುಟದಲ್ಲಿ ಅದೇ ವಿಷಯ ಇದೆಯೇ, ಬೇರೆ ಮಾಧ್ಯಮಗಳು ವರದಿ ಮಾಡಿವೆಯೇ ಎಂದು ನೋಡುವುದೇ ಸರಿಯಾದ ದಾರಿ. ಜತೆಗೆ ಹವಾಮಾನ ಇಲಾಖೆಯ ಎಚ್ಚರಿಕೆಗೂ ರಜೆಗೂ ಇರುವ ವ್ಯತ್ಯಾಸವನ್ನು ತಿಳಿಸಬೇಕು. 24 ಗಂಟೆಗಳಲ್ಲಿ 204.4 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಸಂಭವವಿದ್ದಾಗ ಕೆಂಪು ಎಚ್ಚರಿಕೆ ಕೊಡುತ್ತಾರೆ, ಆದರೆ ರಜೆ ಘೋಷಿಸುವವರು ಜಿಲ್ಲಾಧಿಕಾರಿಗಳು. ಮೊದಲನೆಯದನ್ನು ಕಂಡು ಎರಡನೆಯದನ್ನು ತಾವೇ ಊಹಿಸಿ ಬರೆದವರಿಂದಲೂ ಸುಳ್ಳು ಸುದ್ದಿ ಹುಟ್ಟುತ್ತದೆ. ಎಲ್ಲ ಸುಳ್ಳಿನ ಹಿಂದೆಯೂ ದುರುದ್ದೇಶ ಇರಬೇಕೆಂದಿಲ್ಲ.

ಚಿತ್ರಗಳ ವಿಷಯಕ್ಕೆ ಒಂದು ಪೀರಿಯಡ್ ಸಾಕು. ನೆರೆಯ ಅಥವಾ ಗುಡ್ಡ ಕುಸಿತದ ಚಿತ್ರವೊಂದನ್ನು ಗೂಗಲ್ ಲೆನ್ಸ್‌ನಲ್ಲಿ ಹುಡುಕಿ, ಅದು ಮೊದಲು ಯಾವಾಗ, ಎಲ್ಲಿ ಪ್ರಕಟವಾಗಿತ್ತು ಎಂದು ತೋರಿಸಿ. ವಿಡಿಯೊ ಆದರೆ ಒಂದು ದೃಶ್ಯದ ಸ್ಕ್ರೀನ್‌ಶಾಟ್ ತೆಗೆದು ಹುಡುಕಬಹುದು. ಹಳೆಯ ಪ್ರತಿ ಸಿಗಲಿಲ್ಲ ಎಂದ ಮಾತ್ರಕ್ಕೆ ಚಿತ್ರ ನಿಜವೆಂದು ಆಗುವುದಿಲ್ಲ, ಅದು ಹೊಸದಾಗಿ ಕೃತಕ ಬುದ್ಧಿಮತ್ತೆಯಿಂದ ತಯಾರಾದುದೂ ಆಗಿರಬಹುದು ಎಂಬುದನ್ನು ಮಾತ್ರ ಮರೆಯದೆ ಹೇಳಬೇಕು.

ಜುಲೈ 1 ಕನ್ನಡ ಪತ್ರಿಕಾ ದಿನ. 1843ರ ಆ ದಿನ ಹರ್ಮನ್ ಮೋಗ್ಲಿಂಗ್ ಅವರ ‘ಮಂಗಳೂರ ಸಮಾಚಾರ’ ನಮ್ಮ ಪಕ್ಕದ ಮಂಗಳೂರಿನಲ್ಲೇ ಹೊರಟಿತು. ಆ ದಿನದ ನೆಪದಲ್ಲಿ ಭಾಷಣ ಏರ್ಪಡಿಸುವುದಕ್ಕಿಂತ, ಒಂದೇ ಘಟನೆಯ ಕನ್ನಡ ಮತ್ತು ಮಲಯಾಳ ವರದಿಗಳನ್ನು ಹೋಲಿಸುವ ಕೆಲಸ ಕೊಡುವುದು ಮೇಲು. ಪ್ರತಿ ಗುಂಪಿನಲ್ಲೂ ಮಲಯಾಳ ಓದಬಲ್ಲ ಒಬ್ಬರಾದರೂ ಇರಲಿ. ದೊಡ್ಡ ತರಗತಿಗಳಿಗೆ 2020ರ ಮಾರ್ಚ್‌ನಲ್ಲಿ, ಕೋವಿಡ್ ಕಾಲದಲ್ಲಿ, ಕರ್ನಾಟಕವು ತಲಪಾಡಿಯ ಗಡಿ ಮುಚ್ಚಿದ ಪ್ರಕರಣವನ್ನು ಕೊಡಬಹುದು. ರೋಗ ಹರಡದಂತೆ ತಡೆಯುವ ಕ್ರಮವೆಂದು ಒಂದು ಕಡೆಯವರು ಹೇಳಿದ್ದನ್ನು, ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ರೋಗಿಗಳ ದಾರಿ ಕಟ್ಟಿದ ಕ್ರಮವೆಂದು ಇನ್ನೊಂದು ಕಡೆಯವರು ಕಂಡರು. ವಿವಾದ ಕೇರಳ ಹೈಕೋರ್ಟ್ ದಾಟಿ ಸುಪ್ರೀಂ ಕೋರ್ಟ್‌ವರೆಗೂ ಹೋಯಿತು. ಎರಡೂ ವರದಿಗಳಲ್ಲಿರುವ ಸಂಗತಿಗಳು ಯಾವುವು, ಒಂದರಲ್ಲಿ ಮಾತ್ರ ಇರುವುವು ಯಾವುವು, ಶೀರ್ಷಿಕೆ ಯಾರ ಪರವಾಗಿ ಮಾತನಾಡುತ್ತದೆ ಎಂದು ಮಕ್ಕಳು ಗುರುತಿಸಲಿ. ಒತ್ತು ಬೇರೆಯಾಗಿರುವುದಕ್ಕೂ ಸುಳ್ಳಿಗೂ ಇರುವ ಅಂತರ ಇಲ್ಲಿ ಚೆನ್ನಾಗಿ ಮನದಟ್ಟಾಗುತ್ತದೆ. ಈ ಪಾಠಕ್ಕೆ ಎರಡು ದಿನ ಹಿಡಿದರೂ ನಷ್ಟವಿಲ್ಲ.

ಸಂದೇಶವನ್ನು ಮುಂದಕ್ಕೆ ಕಳುಹಿಸುವವರ ಹೊಣೆಯನ್ನು ಬೇರೆಯಾಗಿ ಚರ್ಚಿಸಬೇಕು. ವಾಟ್ಸ್‌ಆ್ಯಪ್‌ನಲ್ಲಿ ಜೋಡಿ ಬಾಣದ ಗುರುತಿದ್ದರೆ ಅದು ಹಲವು ಕೈ ದಾಟಿ ಬಂದ ಸಂದೇಶ. ಅಂಥದನ್ನು ಒಮ್ಮೆಗೆ ಒಂದೇ ಚಾಟ್‌ಗೆ ಕಳುಹಿಸಲು ಸಾಧ್ಯವಾಗುವಂತೆ 2020ರಲ್ಲಿ ಮಿತಿ ಹೇರಲಾಯಿತು. ಮನೆಯ ಗುಂಪಿನಲ್ಲಿ ಹಿರಿಯರು ತಪ್ಪು ಸಂದೇಶ ಹಾಕಿದಾಗ ಮಕ್ಕಳು ಸುಮ್ಮನಿರುವುದೇ ಹೆಚ್ಚು. ‘ದೊಡ್ಡಪ್ಪ, ಇದು ದಕ್ಷಿಣ ಕನ್ನಡದ್ದು, ನಮಗೆ ಅಲ್ಲ ಅಂತ ಕಾಣ್ತದೆ, ಕಲೆಕ್ಟರರ ಪುಟದಲ್ಲಿ ಇಲ್ಲ’ ಎಂದು ವಿನಯದಿಂದ ಬರೆಯುವುದನ್ನು ತರಗತಿಯಲ್ಲೇ ಅಭ್ಯಾಸ ಮಾಡಿಸಿ.

ಸಹಪಾಠಿಯ ಫೋಟೊವನ್ನು ಕೇಳದೆ ಹಾಕಬಾರದು, ಒಟಿಪಿಯನ್ನು ಯಾರಿಗೂ ಹೇಳಬಾರದು ಎಂಬಂತಹ ನಿಯಮಗಳನ್ನು ಕಾರಣ ಸಹಿತ ಚುಟುಕಾಗಿ ತಿಳಿಸಿದರೆ ಸಾಕು. ಹಣದ ವಂಚನೆಯಾದರೆ ತಡಮಾಡದೆ ಸೈಬರ್ ಸಹಾಯವಾಣಿ 1930ಕ್ಕೆ, ಮಕ್ಕಳಿಗೆ ಯಾರಿಂದಲಾದರೂ ಕಿರುಕುಳವಾದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಬೇಕೆಂಬುದು ಗೋಡೆಯ ಮೇಲೆ ಬರೆದಿರಲಿ. ಕಿರುಕುಳದ ಸಂದೇಶವನ್ನು ಗಾಬರಿಯಲ್ಲಿ ಅಳಿಸದೆ ಹೆತ್ತವರಿಗೆ ಅಥವಾ ಅಧ್ಯಾಪಕರಿಗೆ ತೋರಿಸಬೇಕು. ಆದರೆ ಮಕ್ಕಳ ಅಶ್ಲೀಲ ಚಿತ್ರವನ್ನು ಸಾಕ್ಷ್ಯವೆಂಬ ನೆಪದಲ್ಲಿಯೂ ಇನ್ನೊಬ್ಬರಿಗೆ ಕಳುಹಿಸಬಾರದು, ಅದು ಮಾಹಿತಿ ತಂತ್ರಜ್ಞಾನ ಕಾಯಿದೆಯಂತೆ ಅಪರಾಧ.

ಹೈಸ್ಕೂಲಿನಲ್ಲಿ ವಿದ್ಯಾರ್ಥಿಗಳ ಐಟಿ ಕ್ಲಬ್ ಆದ ಲಿಟ್ಲ್ ಕೈಟ್ಸ್ ಘಟಕವಿದ್ದರೆ ಅದರ ಮಕ್ಕಳೇ ಕೆಳಗಿನ ತರಗತಿಗಳಿಗೆ ಇದನ್ನು ಕಲಿಸಬಹುದು. ಶಾಲೆಗಳ ತಂತ್ರಜ್ಞಾನ ಶಿಕ್ಷಣವನ್ನು ನೋಡಿಕೊಳ್ಳುವ ಕೇರಳ ಸರಕಾರದ ಕೈಟ್ ಸಂಸ್ಥೆ 2022ರಲ್ಲಿ ಕೇರಳದ ಶಾಲೆಗಳಲ್ಲಿ ‘ಸತ್ಯಮೇವ ಜಯತೇ’ ಎಂಬ ಹೆಸರಿನಲ್ಲಿ ಮಾಧ್ಯಮ ಸಾಕ್ಷರತೆಯ ತರಬೇತಿ ನಡೆಸಿದೆ, ಆದ್ದರಿಂದ ಈ ವಿಷಯ ಇಲ್ಲಿನ ವ್ಯವಸ್ಥೆಗೆ ಹೊಸತಲ್ಲ. ಮೌಲ್ಯಮಾಪನಕ್ಕೆ ಪ್ರಶ್ನೆಪತ್ರಿಕೆ ಬೇಡ. ಮುಂದಿನ ಜೋರು ಮಳೆಗೆ ಮನೆಗೆ ಬಂದ ಒಂದು ಸಂದೇಶವನ್ನು ತಾವು ಹೇಗೆ ಪರಿಶೀಲಿಸಿದೆವೆಂದು ಮಕ್ಕಳು ಚೀಟಿಯಲ್ಲಿ ಬರೆದು ತರಲಿ. ‘ಖಚಿತವಾಗಲಿಲ್ಲ, ಆದ್ದರಿಂದ ಯಾರಿಗೂ ಕಳುಹಿಸಲಿಲ್ಲ’ ಎಂದು ಬರೆದವರಿಗೂ ಪೂರ್ಣ ಅಂಕ ಕೊಡಬೇಕು.