ಮೋಟಾರಿನ ಬೆನ್ನು ಹತ್ತಿದ ವಿಡಿಯೊ: ನನ್ನ ಅನುಭವ

ತಿರುಗುವ ಪರದೆಯ ಮೇಲೆ ವಿಡಿಯೊ ಬಿಡುವ ನಮ್ಮಂಥ ಕಲಾವಿದರಲ್ಲಿ ಹೆಚ್ಚಿನವರು ವಿಡಿಯೊದ ವೇಗಕ್ಕೆ ಮೋಟಾರನ್ನು ಹೊಂದಿಸಲು ಹೆಣಗುತ್ತೇವೆ. ನಾನು ಅದನ್ನು ಕೈಬಿಟ್ಟು, ಮೋಟಾರು ತನಗೆ ತೋಚಿದಂತೆ ತಿರುಗಲಿ, ವಿಡಿಯೊವೇ ಅದರ ಬೆನ್ನು ಹತ್ತಲಿ ಎಂದು ತೀರ್ಮಾನಿಸಿದಾಗ, ಶಾಲೆಯ ವಿಜ್ಞಾನ ಮೇಳಕ್ಕೆ ಇದು ಸಾಕು, ಗ್ಯಾಲರಿಗೆ ನಡೆಯದು ಎಂದವರೇ ಹೆಚ್ಚು. ಈಗ ಅದೇ ಯಂತ್ರ ಬೆಂಗಳೂರಿನ ಪ್ರದರ್ಶನಗಳಲ್ಲಿಯೂ ಇಳಕಲ್‌ನ ನೇಕಾರರ ಓಣಿಯಲ್ಲಿಯೂ ಓಡಿ ಬಂದಿರುವುದರಿಂದ ಇದನ್ನು ಬರೆಯುತ್ತಿದ್ದೇನೆ.

ಕೃತಿಯ ರಚನೆ ಸರಳವಾದದ್ದು. ಸುಮಾರು ನಾಲ್ಕು ಅಡಿ ಎತ್ತರದ ಮೈಲಾರ್ ಎಂಬ ಪ್ಲಾಸ್ಟಿಕ್ ಹಾಳೆಯ ಸಿಲಿಂಡರಿನ ಒಳಮೈಯಲ್ಲಿ ಮಗ್ಗದ ಮುಂದೆ ಕುಳಿತ ಹೆಂಗಸರನ್ನು ಚಿತ್ರಿಸಿದ್ದೆ. ಅವರ ಕೈಗಳ ಜಾಗವನ್ನು ಮಾತ್ರ ಖಾಲಿ ಬಿಟ್ಟು, ನಿಜವಾದ ಕೈಗಳ ವಿಡಿಯೊ ಸರಿಯಾಗಿ ಅಲ್ಲಿಯೇ ಬೀಳಬೇಕೆಂಬುದು ನನ್ನ ಹಟವಾಗಿತ್ತು. ಕಲಾವಿದೆ ನಳಿನಿ ಮಲಾನಿಯವರು 2012ರಲ್ಲಿ ಜರ್ಮನಿಯ ಕಾಸೆಲ್‌ನ ಡಾಕ್ಯುಮೆಂಟಾ ಕಲಾ ಪ್ರದರ್ಶನದಲ್ಲಿ ತೋರಿಸಿದ ಕೃತಿಯಲ್ಲಿಯೂ ಮೈಲಾರ್ ಸಿಲಿಂಡರುಗಳು ತಿರುಗುತ್ತಿದ್ದವು, ಆದರೆ ಅಲ್ಲಿ ನೆರಳುಗಳೂ ವಿಡಿಯೊವೂ ಗೋಡೆಯ ಮೇಲೆ ಒಂದರೊಳಗೊಂದು ಬೆರೆಯುವುದರಲ್ಲಿಯೇ ಸೊಗಸಿತ್ತು. ನನ್ನ ಕೃತಿಯಲ್ಲಿ ಒಂದು ಗೇಣು ಆಚೀಚೆಯಾದರೂ ಕೈಗಳು ಹಣೆಯ ಮೇಲೆ ಬಂದು ಕೂರುತ್ತಿದ್ದವು.

ಮೊದಲು ಬಳಸಿದ್ದು ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಐನೂರು ರೂಪಾಯಿಯ ಆಸುಪಾಸಿಗೆ ಸಿಕ್ಕ ಹಳೆಯ ಕಾರಿನ ವೈಪರ್ ಮೋಟಾರು. ಪುಲ್ಲಿಯ ಮೂಲಕ ಅದನ್ನು ನಿಮಿಷಕ್ಕೆ ನಾಲ್ಕು ಸುತ್ತಿಗೆ ಇಳಿಸಿ, ಹದಿನೈದು ಸೆಕೆಂಡಿನ ವಿಡಿಯೊವನ್ನು ಮತ್ತೆ ಮತ್ತೆ ಓಡುವಂತೆ ಇಟ್ಟಿದ್ದೆ. ವೈಪರ್ ಮೋಟಾರಿನೊಳಗಿನ ಗ್ರೀಸು ಬೆಳಿಗ್ಗೆ ಗಟ್ಟಿಯಾಗಿದ್ದು ಮಧ್ಯಾಹ್ನದ ಹೊತ್ತಿಗೆ ಸಡಿಲಗೊಳ್ಳುತ್ತದೆ ಎಂಬುದು ಬಳಸಿದವರಿಗೆಲ್ಲ ಗೊತ್ತು. ಅದರ ಪರಿಣಾಮ ಎಷ್ಟೆಂಬುದನ್ನು ಮಾತ್ರ ಯಾರೂ ಲೆಕ್ಕ ಹಾಕುವುದಿಲ್ಲ. ಒಂದು ಸುತ್ತಿಗೆ 0.3 ಸೆಕೆಂಡಿನ ವ್ಯತ್ಯಾಸವಾದರೂ ಸಾಕು, ಆರೇಳು ನಿಮಿಷಗಳಲ್ಲಿ ಸಿಲಿಂಡರು ವಿಡಿಯೊಗಿಂತ ಅರ್ಧ ಸುತ್ತು ಆಚೆಗೆ ಹೋಗಿರುತ್ತದೆ. ಉದ್ಘಾಟನೆಯ ಸಂಜೆ ಕಾಫಿ ಹಂಚಿ ಮುಗಿಯುವಷ್ಟರಲ್ಲಿ ಕೈಗಳೆಲ್ಲವೂ ಖಾಲಿ ಹಾಳೆಯ ಮೇಲೆ ನೇಯುತ್ತಿದ್ದವು. ಪ್ರೊಜೆಕ್ಟರಿನ ಬಾಡಿಗೆಯೇ ದಿನಕ್ಕೆ ಸುಮಾರು ಎರಡು ಸಾವಿರವಿದ್ದು, ಆ ಪ್ರದರ್ಶನ ಒಟ್ಟಾರೆ ಒಂದೂಕಾಲು ಲಕ್ಷದಷ್ಟನ್ನು ನುಂಗಿತು. ಒಂದು ಕೃತಿಯೂ ಮಾರಾಟವಾಗಲಿಲ್ಲ.

ಬಲ್ಲವರ ಸಲಹೆಯಂತೆ ಆಮೇಲೆ, ಎಣಿಸಿದಷ್ಟೇ ಸಣ್ಣ ಸಣ್ಣ ಹೆಜ್ಜೆಗಳಲ್ಲಿ ತಿರುಗುವ ಸ್ಟೆಪ್ಪರ್ ಮೋಟಾರುಗಳನ್ನೂ ಅವನ್ನು ನಡೆಸುವ ಡ್ರೈವರ್ ಸರ್ಕ್ಯೂಟುಗಳನ್ನೂ ಕೊಂಡೆ. ಮೂವತ್ತು ಸಾವಿರದ ಹತ್ತಿರ ಖರ್ಚಾಯಿತು. ಲೆಕ್ಕ ತಪ್ಪಲಿಲ್ಲ ನಿಜ, ಆದರೆ ನಿಧಾನ ವೇಗದಲ್ಲಿ ಸ್ಟೆಪ್ಪರಿನ ನಡುಕ ಸಿಲಿಂಡರಿಗೆ ಏರಿ ಹಾಳೆಯ ಮೇಲಿನ ಚಿತ್ರವೆಲ್ಲ ಅದುರುತ್ತಿತ್ತು. ಅದಕ್ಕಿಂತ ಹೆಚ್ಚಾಗಿ, ನೋಡಲು ಬಂದ ಮಕ್ಕಳಲ್ಲೊಬ್ಬರು ಸಿಲಿಂಡರನ್ನು ಒಮ್ಮೆ ಹಿಡಿದು ಬಿಟ್ಟರೆ ಮೋಟಾರು ಒಂದಷ್ಟು ಹೆಜ್ಜೆಗಳನ್ನು ಕಳೆದುಕೊಳ್ಳುತ್ತಿತ್ತು, ಹಾಗೆ ಕಳೆದದ್ದು ಅದಕ್ಕೆ ತಿಳಿಯುತ್ತಲೂ ಇರಲಿಲ್ಲ. ಮುಟ್ಟಬಾರದೆಂಬ ಫಲಕ ಹಾಕುವುದು ನನಗೆ ಒಗ್ಗದ ಸಂಗತಿ. ಆ ಸ್ಟೆಪ್ಪರುಗಳು ಈಗ ಅಟ್ಟದ ಮೇಲಿವೆ. ಬೇಕಾದವರಿಗೆ ಅರ್ಧ ಬೆಲೆಗೆ ಕೊಡುತ್ತೇನೆ.

ಎಸ್.ಪಿ. ರಸ್ತೆಯಲ್ಲಿ ಸಾವಿರ ರೂಪಾಯಿಯಿಂದ ಸಿಗುವ, ಸುತ್ತಿಗೆ 600 ಪಲ್ಸ್ (ವಿದ್ಯುತ್ ಮಿಡಿತ) ಕೊಡುವ ರೋಟರಿ ಎನ್‌ಕೋಡರ್, ಅಂದರೆ ದಂಡ ಎಷ್ಟು ತಿರುಗಿತೆಂದು ತಿಳಿಸುವ ಸಾಧನ, ಈ ಗಂಟನ್ನು ಬಿಡಿಸಿತು. ಅದರ ಎರಡು ತಂತಿಗಳ ಏರಿಳಿತಗಳೆಲ್ಲವನ್ನೂ ಎಣಿಸಿದರೆ ಸುತ್ತಿಗೆ 2400 ಎಣಿಕೆ ದೊರೆಯುತ್ತದೆ. ಅದನ್ನು ಮೋಟಾರಿಗಲ್ಲ, ಸಿಲಿಂಡರಿನ ದಂಡಕ್ಕೇ ಕಟ್ಟಬೇಕು. ಆಗ ಬೆಲ್ಟು ಜಾರಿದರೂ ಚಿಂತೆಯಿಲ್ಲ. ಸಿಲಿಂಡರಿನ ಅಂಚಿಗೆ ಒಂದು ಅಯಸ್ಕಾಂತವನ್ನು ಅಂಟಿಸಿ ಎದುರಿಗೆ ಅಯಸ್ಕಾಂತ ಹಾದುಹೋದದ್ದನ್ನು ಗುರುತಿಸುವ ಹಾಲ್ ಸೆನ್ಸರ್ ಒಂದನ್ನು ಇಟ್ಟರೆ ಪ್ರತಿ ಸುತ್ತಿನಲ್ಲಿಯೂ ಸೊನ್ನೆಯ ಜಾಗ ಖಚಿತವಾಗುತ್ತದೆ. ಸೆಕೆಂಡಿಗೆ 25 ಫ್ರೇಮಿನಂತೆ (ಫ್ರೇಮು ಎಂದರೆ ವಿಡಿಯೊದ ಒಂದೊಂದು ಬಿಡಿ ಚಿತ್ರ) ಹದಿನೈದು ಸೆಕೆಂಡಿನ ವಿಡಿಯೊದಲ್ಲಿ 375 ಫ್ರೇಮುಗಳು. ಸಿಲಿಂಡರು ಎಲ್ಲಿದೆಯೋ ಆ ಜಾಗದ ಫ್ರೇಮನ್ನು ರಾಸ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರು ಎತ್ತಿ ತೋರಿಸುತ್ತದೆ, ಅಷ್ಟೆ.

ಸಾಮಾನ್ಯ ಎಂಪಿ4 ಕಡತವನ್ನೇ ಹಿಂದೆ ಮುಂದೆ ಎಳೆದಾಡಲು ಹೋದವರು ಇಲ್ಲಿ ಸೋಲುತ್ತಾರೆ, ಏಕೆಂದರೆ ಅದರಲ್ಲಿ ಹೆಚ್ಚಿನ ಫ್ರೇಮುಗಳು ಅಕ್ಕಪಕ್ಕದ ಫ್ರೇಮುಗಳ ಆಧಾರವಿಲ್ಲದೆ ಬಿಡಿಸಿಕೊಳ್ಳಲಾರವು. ನಾನು ಎಲ್ಲ ಫ್ರೇಮುಗಳನ್ನೂ ಬಿಡಿ ಚಿತ್ರಗಳಾಗಿ ಮೊದಲೇ ರ್‍ಯಾಮಿಗೆ ತುಂಬಿಸಿಬಿಡುತ್ತೇನೆ. 720ಪಿ ಗಾತ್ರದಲ್ಲಿ ಒಂದು ಜಿಬಿಗಿಂತ ತುಸು ಹೆಚ್ಚು ಬೇಕಾಗುತ್ತದೆಯಾದ್ದರಿಂದ ನಾಲ್ಕು ಜಿಬಿಯ ಪೈ ಧಾರಾಳವಾಗಿ ಸಾಕು. ಸಿಲಿಂಡರು ನಿಂತಾಗಲೂ ಚಿತ್ರ ಸತ್ತಂತೆ ಕಾಣದ ಹಾಗೆ ಮಾಡಲು ಒಂದು ಸಣ್ಣ ಉಪಾಯವಿದೆ. ಅದನ್ನು ಕಂಡುಕೊಳ್ಳಲು ನನಗೆ ಒಂದು ಮಳೆಗಾಲವೇ ಹಿಡಿದಿರುವುದರಿಂದ ಇಲ್ಲಿ ಬಿಡಿಸಿ ಹೇಳುವುದಿಲ್ಲ.

ಇದರ ನಡುವೆ ಮೈಲಾರಿನ ಬದಲು ತೊಗಲು ಗೊಂಬೆಗೆ ಬಳಸುವ ಹದ ಮಾಡಿದ ಆಡಿನ ತೊಗಲನ್ನು ಪರದೆಯಾಗಿಸುವ ಹುಚ್ಚೂ ಹತ್ತಿತ್ತು. ಹಿಂದಿನಿಂದ ಬೆಳಕು ಬಿದ್ದಾಗ ಅದಕ್ಕೆ ಬರುವ ಜೇನಿನ ಬಣ್ಣ ಯಾವ ಪ್ಲಾಸ್ಟಿಕ್ಕಿಗೂ ಬರುವುದಿಲ್ಲ. ಆದರೆ ಜುಲೈ ತಿಂಗಳ ತೇವಕ್ಕೆ ತೊಗಲು ಜೋತುಬಿದ್ದು, ಪ್ರೊಜೆಕ್ಟರಿನ ಶಾಖಕ್ಕೆ ಮತ್ತೆ ಬಿಗಿದು, ಸಿಲಿಂಡರು ಗುಂಡಗೆ ಉಳಿಯಲೇ ಇಲ್ಲ. ಒಣ ಹವೆಯ ಬಳ್ಳಾರಿಯ ಕಡೆ ಇದು ನಡೆದೀತೆಂಬ ಆಸೆ ನನಗಿನ್ನೂ ಇದೆ.

ಕಲಾ ವಿದ್ಯಾರ್ಥಿಗಳ ಕಾರ್ಯಾಗಾರಗಳಲ್ಲಿ ಮಾತ್ರ ನಾನು ಎನ್‌ಕೋಡರಿನಿಂದ ಆರಂಭಿಸುವುದಿಲ್ಲ. ಚನ್ನಪಟ್ಟಣದ ಚಕ್ರಗಳಿಂದ ಆರಂಭಿಸುತ್ತೇನೆ. ಅಲ್ಲಿನ ಕುಶಲಕರ್ಮಿಯೊಬ್ಬರು ಆಲೆ ಮರದಲ್ಲಿ ಕಡೆದು, ಅರಗಿನ ಬಣ್ಣ ಹಚ್ಚಿ, ತಾಳೆ ಗರಿಯಿಂದ ಉಜ್ಜಿ ಹೊಳಪು ಕೊಟ್ಟ ಚಕ್ರಗಳು ಎಣ್ಣೆಯಿಲ್ಲದೆಯೇ ನುಣ್ಣಗೆ ಜಾರುತ್ತವೆ. ಕಡೆಯುವ ಯಂತ್ರದಲ್ಲಿ ಬರುವುದು ದುಂಡು ಆಕಾರ ಮಾತ್ರವಾದ್ದರಿಂದ ಕ್ಯಾಮ್ (ತಿರುಗುತ್ತ ಇನ್ನೊಂದು ಭಾಗವನ್ನು ಏರಿಳಿಸುವ ಚಕ್ರ) ಮಾಡಲಾಗದೆಂದು ವಿದ್ಯಾರ್ಥಿಗಳು ವಾದಿಸುತ್ತಾರೆ. ಆದರೆ ದಂಡ ತೂರುವ ರಂಧ್ರವನ್ನು ನಡುವಿನಿಂದ ಎಂಟು ಮಿಲಿಮೀಟರು ಪಕ್ಕಕ್ಕೆ ಕೊರೆದರೆ ಹದಿನಾರು ಮಿಲಿಮೀಟರಿನ ಏರಿಳಿತ ಪುಕ್ಕಟೆಯಾಗಿ ಬರುತ್ತದೆ. ತಲೆಗೆ ಏಳುನೂರು ರೂಪಾಯಿಯ ಸಾಮಗ್ರಿ ಸಾಕು. ಸಂಭಾವನೆಯ ಚೆಕ್ಕು ಯಾವಾಗ ಬರುತ್ತದೆಂಬುದನ್ನು ಮಾತ್ರ ಯಾವ ಎನ್‌ಕೋಡರೂ ಎಣಿಸಲಾರದು.

ಇಳಕಲ್‌ನ ಯೋಜನೆಗೆ ಸಿಕ್ಕಿದ್ದು ಎರಡು ಲಕ್ಷದ ಆಸುಪಾಸಿನ ಒಂದು ಅನುದಾನ. ಅದರಲ್ಲಿ ದೊಡ್ಡ ಪಾಲು ನೇಕಾರ ಹೆಣ್ಣುಮಕ್ಕಳ ದಿನಗೂಲಿಗೆ ಹೋಯಿತು. ಮಗ್ಗ ಬಿಟ್ಟು ನಮ್ಮೊಡನೆ ಕುಳಿತ ದಿನ ಅವರಿಗೆ ನಷ್ಟವೇ ತಾನೆ. ಚಿತ್ರೀಕರಣವನ್ನು ಅವರೇ ತಮ್ಮ ಮೊಬೈಲುಗಳಲ್ಲಿ ಮಾಡಿದರು. ಹತ್ತಿಯ ಒಡಲಿನ ಎಳೆಗಳಿಗೆ ರೇಷ್ಮೆ ಸೆರಗಿನ ಎಳೆಗಳನ್ನು ಒಂದೊಂದಾಗಿ ಕೊಂಡಿ ಹಾಕಿ ಜೋಡಿಸುವ ಕೆಲಸವನ್ನು ಅಷ್ಟು ಹತ್ತಿರದಿಂದ ನಾನಾಗಿದ್ದರೆ ಖಂಡಿತ ತೆಗೆಯುತ್ತಿರಲಿಲ್ಲ: ಉಗುರಿನ ಸಂದಿಯಲ್ಲಿ ಸಿಕ್ಕ ಕೆಂಪು ಎಳೆ, ಅದನ್ನು ಬಿಡಿಸಿಕೊಳ್ಳಲು ತುಟಿಯತ್ತ ಹೋಗುವ ಬೆರಳು, ಎಲ್ಲವೂ ಅದರಲ್ಲಿ ಬಂದಿವೆ.

ಅಲ್ಲಿ ಕರೆಂಟಿನ ಭರವಸೆಯಿಲ್ಲದ್ದರಿಂದ ಮೋಟಾರನ್ನು ತೆಗೆದುಹಾಕಿ, ಕಂಡಿಕೆ (ಲಾಳಿಯೊಳಗಿನ ನೂಲಿನ ಸುರುಳಿ) ಸುತ್ತುವ ಹಳೆಯ ರಾಟೆಯೊಂದರ ಗಾಲಿಯಿಂದ ಸಿಲಿಂಡರಿಗೆ ಬೆಲ್ಟು ಹಾಯಿಸಿದೆವು. ಪುಟ್ಟ ಎಲ್‌ಇಡಿ ಪ್ರೊಜೆಕ್ಟರು ಕಾರಿನ ಬ್ಯಾಟರಿ ಮತ್ತು ಇನ್ವರ್ಟರಿನಲ್ಲಿ ಮೂರು ತಾಸಿನಷ್ಟು ನಡೆಯುತ್ತಿತ್ತು. ನಾನು ಜೋರಾಗಿ ತಿರುಗಿಸಿ ತೋರಿಸುತ್ತಿದ್ದಾಗ ಹಿರಿಯ ಹೆಂಗಸೊಬ್ಬರು, "ಅಷ್ಟ್ ಜೋರ್ ತಿರುವಿದ್ರ ನೂಲು ಹರಿತೈತ್ರೀ ಸರ, ಸಾವಕಾಶ ತಿರುವ್ರಿ" ಎಂದರು. ಇದರಲ್ಲಿ ನೂಲೇ ಇಲ್ಲವಲ್ಲ ಅವ್ವಾ ಎಂದೆ. "ನೂಲಿಲ್ಲಂದ್ರ ಏನಾತ್ರೀ, ಕೈ ಕೆಡತೈತಿ" ಎಂದು ತಾವೇ ಕುಳಿತರು. ಅವರು ತಿರುಗಿಸಿದಾಗ ಎಣಿಕೆಯ ಏರುಪೇರು ನನ್ನ ವೈಪರ್ ಮೋಟಾರಿನದಕ್ಕಿಂತ ಕಡಿಮೆಯಿತ್ತು. ಲ್ಯಾಪ್‌ಟಾಪಿನಲ್ಲಿ ಗೆರೆ ನೇರವಾಗಿ ಓಡುತ್ತಿದ್ದುದನ್ನು ನಾನೇ ನೋಡಿದ್ದೇನೆ.

ಮಕ್ಕಳಂತೂ ರಾಟೆಯನ್ನು ಹಿಂದಕ್ಕೇ ತಿರುಗಿಸುತ್ತಿದ್ದರು. ಎನ್‌ಕೋಡರಿನ ಎರಡು ತಂತಿಗಳು ದಿಕ್ಕನ್ನೂ ತಿಳಿಸುವುದರಿಂದ ಲಾಳಿ ಹಿಮ್ಮುಖವಾಗಿ ಓಡಿ, ಹಾಕಿದ ಕೊಂಡಿಗಳೆಲ್ಲ ಒಂದೊಂದಾಗಿ ಬಿಚ್ಚಿಕೊಳ್ಳುತ್ತಿದ್ದವು. ದುಡಿದದ್ದೆಲ್ಲ ಹಾಳಾಯಿತೆಂದು ತಾಯಂದಿರು ನಗುತ್ತಲೇ ಗದರುತ್ತಿದ್ದರು. ಸರ್ವೊ ಎಂಬ ನಿಖರ ಮೋಟಾರನ್ನೇ ವಿಡಿಯೊದ ವೇಗಕ್ಕೆ ಹೊಂದಿಸುತ್ತಿದ್ದ ಗೆಳೆಯರೊಬ್ಬರು ಇದನ್ನು ನೋಡಿ ಹೋದ ಮೇಲೆ ಎನ್‌ಕೋಡರಿನ ಅಂಗಡಿ ಯಾವುದೆಂದು ಫೋನು ಮಾಡಿ ಕೇಳಿದರು.

ಪ್ರೊಜೆಕ್ಟರನ್ನು ಬಿಟ್ಟರೆ ನಾನು ಕಟ್ಟಿದಾಗ ಒಂದು ಯಂತ್ರಕ್ಕೆ ಹತ್ತು ಸಾವಿರದೊಳಗೆ ಬಿದ್ದಿತ್ತು, ಅದರಲ್ಲಿ ಅರ್ಧದಷ್ಟು ಪೈಗೇ ಹೋಗಿತ್ತು. ಸದ್ಯಕ್ಕೆ ಒಂದೇ ಚಿತ್ರವನ್ನು ಎರಡು ರಾಟೆಗಳಿಂದ ಇಬ್ಬರು ನಡೆಸುವ ಪ್ರಯೋಗದಲ್ಲಿದ್ದೇನೆ. ಎರಡು ಎಣಿಕೆಗಳ ಸರಾಸರಿ ತೆಗೆದರೆ ಚಿತ್ರ ಯಾರ ಮಾತನ್ನೂ ಕೇಳದಂತಾಗುತ್ತದೆ, ವೇಗವಾಗಿ ತಿರುಗಿಸಿದವರಿಗೆ ಒಪ್ಪಿಸಿದರೆ ಮಕ್ಕಳಲ್ಲಿ ಜಗಳವಾಗುತ್ತದೆ. ಮುಂದಿನ ಬಾರಿ, ಇಬ್ಬರ ವೇಗವೂ ಹೊಂದಿದಾಗ ಮಾತ್ರ ಫ್ರೇಮು ಮುಂದೆ ಸರಿಯುವಂತೆ ಮಾಡಿ ನೋಡುವವನಿದ್ದೇನೆ.