ಹುರುಳಿ ಬೀಜವೂ ಮನೆಯಲ್ಲಿರಲಿ

ಬೆಳೆ ಹೋಯಿತು, ಪರೀಕ್ಷೆ ಕೈಕೊಟ್ಟಿತು, ಮನೆಯಲ್ಲಿ ಯಾರೋ ಹಾಸಿಗೆ ಹಿಡಿದರು ಅಂದರೆ ಸಾಕು, ನೋಡಲು ಬಂದವರೆಲ್ಲ ಹೇಳುವ ಮಾತು ಒಂದೇ: 'ಎಲ್ಲಾ ಒಳ್ಳೇದಾಗುತ್ತೆ ಬಿಡ್ರಿ.' ಹೇಳುವವರ ಮನಸ್ಸು ಒಳ್ಳೆಯದೇ. ಆದರೆ ನಾಳೆ ಬೆಳಿಗ್ಗೆ ಎದ್ದು ಏನು ಮಾಡಬೇಕು ಅನ್ನುವುದು ಅದರಿಂದ ತಿಳಿಯುವುದಿಲ್ಲ. ಕಷ್ಟದಲ್ಲೂ ಗಟ್ಟಿಯಾಗಿರುವುದು ಹುಟ್ಟುಗುಣ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಸ್ವಲ್ಪ ಮಟ್ಟಿಗೆ ನಿಜ, ಉಳಿದದ್ದು ರೂಢಿ. ಅದಕ್ಕೆ ಬೇಕಾದದ್ದು ಒಂದು ನೋಟ್‌ಬುಕ್ಕು, ಒಂದು ಪೆನ್ನು, ದಿನಕ್ಕೆ ಹತ್ತು–ಹದಿನೈದು ನಿಮಿಷ.

ನಡೆದದ್ದು ಒಂದು ಕಡೆ, ಮನಸ್ಸು ಅಂದದ್ದು ಒಂದು ಕಡೆ

ಹಾಳೆಯ ನಡುವೆ ಒಂದು ಗೀಟು ಎಳೆಯಿರಿ. ಎಡಗಡೆ ಏನು ನಡೆಯಿತೋ ಅಷ್ಟನ್ನೇ ಬರೆಯಿರಿ. ಅದನ್ನು ನೋಡಿ ಮನಸ್ಸು ಏನಂದಿತು ಅನ್ನುವುದು ಬಲಗಡೆಗೆ.

ದಾವಣಗೆರೆಯಲ್ಲಿ ಮಂಡಕ್ಕಿ–ಮಿರ್ಚಿ ಗಾಡಿ ಇಟ್ಟವರೊಬ್ಬರು ಇದನ್ನು ಬರೆಯುತ್ತಿದ್ದಾರೆ ಅಂದುಕೊಳ್ಳಿ. ಎಡಗಡೆ: 'ಐದು ಗಂಟೆಗೆ ಮಳೆ ಹಿಡಿಯಿತು. ಎಂಟಾದರೂ ಬಿಡಲಿಲ್ಲ. ಕಲಸಿಟ್ಟ ಕಡ್ಲೆಹಿಟ್ಟು ಅರ್ಧ ಉಳಿಯಿತು. ಸೀಳಿಟ್ಟ ಮೆಣಸಿನಕಾಯಿಯೂ ಉಳಿಯಿತು.' ಬಲಗಡೆ: 'ನನ್ನ ಕೈಲಿ ವ್ಯಾಪಾರ ಆಗಲ್ಲ. ಯಾವಾಗಲೂ ಹೀಗೇ. ಮಗಳ ಫೀಸು ಕಟ್ಟೋಕಾಗಲ್ಲ.'

ಈಗ ಬಲಗಡೆಯ ಒಂದೊಂದು ಸಾಲಿಗೂ ಸಾಕ್ಷಿ ಕೇಳಬೇಕು. ಯಾವಾಗಲೂ ಹೀಗೇನಾ? ಹೋದ ಶನಿವಾರ ಏಳೂವರೆಗೇ ಹಿಟ್ಟು ಖಾಲಿಯಾಗಿತ್ತಲ್ಲ. ವ್ಯಾಪಾರ ಬರಲ್ಲ ಅಂತಲಾ, ಇವತ್ತು ಮಳೆ ಬಂತು ಅಂತಲಾ? ಹೀಗೆ ಕೇಳುತ್ತಾ ಹೋದರೆ ಎರಡು ಸಾಲು ಉದುರುತ್ತವೆ. ಫೀಸಿನ ಸಾಲು ಮಾತ್ರ ಉದುರುವುದಿಲ್ಲ. ಅದು ನಿಜವಾದ ಕಷ್ಟ. ಅದನ್ನು ಒರೆಸಿಹಾಕಲು ಹೋಗಬೇಡಿ, ಎಡಗಡೆಗೆ ತನ್ನಿ. ಎಷ್ಟು ಕಟ್ಟಬೇಕು, ಯಾವತ್ತಿನೊಳಗೆ, ಕೈಯಲ್ಲಿ ಎಷ್ಟಿದೆ, ಕಂತು ಮಾಡಿಕೊಡಿ ಅಂತ ಯಾರನ್ನು ಕೇಳಬಹುದು ಅಂತ ಬರೆಯಿರಿ.

ಅಮೆರಿಕದ ಮನೋವೈದ್ಯ ಆರನ್ ಬೆಕ್ 1960ರ ದಶಕದಲ್ಲಿ ಖಿನ್ನತೆಗೆಂದು ರೂಪಿಸಿದ ಚಿಕಿತ್ಸೆಯ ಬೇರು ಇಲ್ಲೇ ಇದೆ. ಮನಸ್ಸಿಗೆ ತಟ್ಟನೆ ಬಂದ ಮಾತನ್ನು ಹಾಗೇ ನಂಬದೆ ಪರೀಕ್ಷೆ ಮಾಡಿ ನೋಡುವುದು ಅದರ ಮುಖ್ಯ ಕೆಲಸ. 'ಯಾವಾಗಲೂ', 'ಎಲ್ಲಾ', 'ಯಾರೂ' ಅನ್ನುವ ಪದ ಬಲಗಡೆ ಕಂಡರೆ ಮೊದಲು ಅದರ ಕೆಳಗೆ ಗೆರೆ ಎಳೆಯಿರಿ. ಬರೆಯಲೇಬೇಕಾ, ತಲೆಯಲ್ಲೇ ಮಾಡಿಕೊಂಡರೆ ಆಗಲ್ವಾ? ನನ್ನನ್ನು ಕೇಳಿದರೆ ಆಗಲ್ಲ. ತಲೆಯಲ್ಲಿ ಎರಡೂ ಕಲಸಿಕೊಂಡೇ ಇರುತ್ತವೆ.

ಮಲಗುವ ಮುಂಚೆ ಮೂರು ಸಾಲು

ಆ ದಿನ ಸರಿಹೋದ ಮೂರು ಸಂಗತಿ ಬರೆಯಿರಿ. ಒಂದೊಂದರ ಎದುರಿಗೂ ಅದು ಯಾಕೆ ಸರಿಹೋಯಿತು ಅಂತಲೂ ಬರೆಯಿರಿ. ಅಮೆರಿಕದ ಮನಶ್ಶಾಸ್ತ್ರಜ್ಞ ಮಾರ್ಟಿನ್ ಸೆಲಿಗ್‌ಮನ್ ಮತ್ತು ಜೊತೆಗಾರರು 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಂದು ವಾರ ಹೀಗೆ ಬರೆದವರಿಗೆ ಆರು ತಿಂಗಳಾದರೂ ಅದರ ಗುಣ ಕಂಡಿತ್ತು. ವಾರ ಮುಗಿದ ಮೇಲೂ ತಾವಾಗಿಯೇ ಬರೆಯುತ್ತಾ ಹೋದವರಿಗೆ ಇನ್ನೂ ಜಾಸ್ತಿ.

ದೊಡ್ಡ ಸಂಗತಿಯೇ ಆಗಬೇಕಿಲ್ಲ. 'ಹರಿಹರದ ಬಸ್ಸಲ್ಲಿ ಸೀಟು ಸಿಕ್ಕಿತು. ಯಾಕೆ: ಹತ್ತು ನಿಮಿಷ ಮುಂಚೆ ಹೊರಟಿದ್ದೆ.' 'ಅತ್ತೆ ಇವತ್ತು ಒಂದು ರೊಟ್ಟಿ ಜಾಸ್ತಿ ತಿಂದರು. ಯಾಕೆ: ಹೆಸರುಕಾಳು ಪಲ್ಯ ಮೆತ್ತಗೆ ಬೇಯಿಸಿದ್ದೆ.' ಈ 'ಯಾಕೆ' ಬಿಟ್ಟರೆ ಅರ್ಧ ಕೆಲಸ ಹೋಯಿತು. ಯಾವುದು ನಮ್ಮ ಕೈಗೆ ಎಟಕುತ್ತದೆ ಅಂತ ಗೊತ್ತಾಗುವುದು ಅಲ್ಲೇ. ದಿನಾ ಅದದೇ ಸಾಲು ಬರತೊಡಗಿದರೆ ನಾಲ್ಕು ದಿನ ಬಿಟ್ಟು ಮತ್ತೆ ಶುರು ಮಾಡಿ. ವಾಟ್ಸಾಪ್ ಸ್ಟೇಟಸ್‌ಗೆ ಮಾತ್ರ ಹಾಕಬೇಡಿ. ಒಮ್ಮೆ ಹಾಕಿದರೆ ನೋಡುವವರಿಗಾಗಿ ಬರೆಯಲು ಶುರು ಮಾಡುತ್ತೀರಿ.

ಚಿಂತೆಗೂ ಒಂದು ಹೊತ್ತು

ಚಿಂತೆ ಮಾಡಬೇಡ ಅಂದರೆ ಯಾರೂ ಬಿಡುವುದಿಲ್ಲ. ಅದಕ್ಕೇ ಹೊತ್ತು ಗೊತ್ತು ಮಾಡಿ. ದಿನಾ ಒಂದೇ ಸಮಯ, ಒಂದೇ ಜಾಗ, ಅರ್ಧ ಗಂಟೆ ಮೀರದ ಹಾಗೆ. ಸಂಜೆ ಆರಾದರೆ ಒಳ್ಳೆಯದು, ಮಲಗುವ ಹೊತ್ತು ಬೇಡ. ಹಗಲಲ್ಲಿ ಏನಾದರೂ ಕೊರೆಯತೊಡಗಿದರೆ ಚೀಟಿಯಲ್ಲಿ ಒಂದು ಪದ ಗುರುತು ಹಾಕಿಕೊಂಡು 'ಆರು ಗಂಟೆಗೆ ನೋಡೋಣ' ಅಂತ ಮುಂದೂಡಿ. ಆರಕ್ಕೆ ಚೀಟಿ ತೆಗೆದಾಗ ಅರ್ಧಕ್ಕರ್ಧ ತಣ್ಣಗಾಗಿರುತ್ತವೆ. ಉಳಿದವನ್ನು ಗೀಟು ಎಳೆದ ಹಾಳೆಗೆ ತನ್ನಿ.

ಎರಡನೇ ಬೀಜ

ಈ ಹೆಜ್ಜೆಯನ್ನು ಕಲಿಯಲು ಚಿತ್ರದುರ್ಗ ಜಿಲ್ಲೆಯ ಬೆದ್ದಲು ಹೊಲಗಳನ್ನು ನೋಡಬೇಕು. ಚಳ್ಳಕೆರೆ ಕಡೆ ಹದ ಮಳೆಯಾದರೆ ಜೂನ್–ಜುಲೈನಲ್ಲಿ ಶೇಂಗಾ ಬಿತ್ತುತ್ತಾರೆ. ಮಳೆ ಕೈಕೊಟ್ಟು ಹೊತ್ತು ಮೀರಿದರೆ ರಾಗಿ, ನವಣೆ. ಅದಕ್ಕೂ ತಡವಾದರೆ ಹುರುಳಿ. ಮಳೆ ಬರುತ್ತೆ ಅನ್ನುವ ನಂಬಿಕೆ ಇಲ್ಲದಿದ್ದರೆ ಯಾರೂ ಶೇಂಗಾಕ್ಕೆ ದುಡ್ಡು ಸುರಿಯುವುದಿಲ್ಲ. ಆದರೆ ಬರದಿದ್ದರೆ ಏನು ಅನ್ನುವುದನ್ನೂ ಮೊದಲೇ ಯೋಚಿಸಿರುತ್ತಾರೆ. ನಾನು ಧನಾತ್ಮಕ ಮನೋಭಾವ ಅಂತ ಒಪ್ಪುವುದು ಇದನ್ನು. ಕಣ್ಣು ಮುಚ್ಚಿ 'ನಾನು ಗೆದ್ದೇ ಗೆಲ್ಲುತ್ತೇನೆ' ಅಂತ ನೂರು ಸಲ ಹೇಳಿಕೊಳ್ಳಿ ಅನ್ನುವ ಭಾಷಣಕಾರರ ಮೇಲೆ ನನಗೆ ಅಷ್ಟು ವಿಶ್ವಾಸವಿಲ್ಲ.

ಅದಕ್ಕೆ ಕಾರಣವೂ ಇದೆ. ಜರ್ಮನಿಯ ಮನಶ್ಶಾಸ್ತ್ರಜ್ಞೆ ಗೇಬ್ರಿಯೆಲ್ ಒಟ್ಟಿಂಗೆನ್ ಪದವಿ ಮುಗಿಸಿ ಕೆಲಸ ಹುಡುಕುವವರನ್ನು ಎರಡು ವರ್ಷ ಬಿಟ್ಟು ನೋಡಿದರು. ಒಳ್ಳೆ ಕೆಲಸ ಸಿಕ್ಕ ಹಾಗೆ ಹಗಲುಗನಸು ಜಾಸ್ತಿ ಕಂಡವರಿಗೆ ಕೆಲಸದ ಕರೆಗಳೂ ಕಡಿಮೆ ಬಂದಿದ್ದವು, ಸಂಬಳವೂ ಕಡಿಮೆ ಇತ್ತು. ಕೆಲಸ ಸಿಗಬಹುದು ಅಂತ ನಿರೀಕ್ಷೆ ಇಟ್ಟುಕೊಂಡವರು ಮಾತ್ರ ಮುಂದಿದ್ದರು. ಕನಸಿನಲ್ಲೇ ಹೊಟ್ಟೆ ತುಂಬಿದರೆ ಅರ್ಜಿ ಹಾಕಲು ಯಾರು ಏಳುತ್ತಾರೆ?

ಹಾಗಾಗಿ ಬರೆಯುವುದು ಹೀಗೆ: ಬೇಕಾದದ್ದು ಏನು, ಅಡ್ಡ ಬರುವುದು ಏನು, ಬಂದರೆ ನಾನು ಏನು ಮಾಡುತ್ತೇನೆ. ಪಿಯುಸಿಯಲ್ಲಿ ಒಂದು ವಿಷಯ ಹೋದ ಹುಡುಗಿ ಬರೆಯಬಹುದಾದದ್ದು: 'ಫಿಸಿಕ್ಸ್ ಪಾಸಾಗಬೇಕು. ಓದಲು ಕೂತರೆ ಕೈ ಮೊಬೈಲಿಗೆ ಹೋಗುತ್ತೆ. ಕೂರುವ ಮುಂಚೆ ಮೊಬೈಲು ಅಜ್ಜಿ ಕೈಗೆ ಕೊಡುತ್ತೇನೆ.' ಅಡ್ಡಿಯನ್ನು ಇಷ್ಟು ಬಿಡಿಸಿ ಬರೆಯಬೇಕು. 'ಚೆನ್ನಾಗಿ ಓದುತ್ತೇನೆ' ಅಂತ ಬರೆದರೆ ಪ್ರಯೋಜನವಿಲ್ಲ.

ಇಲ್ಲಿ ಯಾರಾದರೂ ವಾಣಿವಿಲಾಸ ಸಾಗರದ, ಅಂದರೆ ಹಿರಿಯೂರು ಹತ್ತಿರದ ಮಾರಿಕಣಿವೆ ಜಲಾಶಯದ ಮಾತು ಎತ್ತುತ್ತಾರೆ. 1933ರಲ್ಲಿ ಕೋಡಿ ಬಿದ್ದ ಮಾರಿಕಣಿವೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ, 89 ವರ್ಷದ ಮೇಲೆ. ತಾಳ್ಮೆ ಅಂದರೆ ಇದು ನೋಡಿ ಅನ್ನುತ್ತಾರೆ. ಆದರೆ ಹಿರಿಯೂರಿನವರು ಸುಮ್ನೆ ಕೂತು ಕಾದರಾ? ಭದ್ರಾ ನೀರಿಗಾಗಿ ವರ್ಷಗಟ್ಟಲೆ ಹೋರಾಟ ನಡೆಯಿತು. ಆ ವರ್ಷ ಸುರಿದ ಮಳೆಯ ಜೊತೆಗೆ ಭದ್ರಾ ಮೇಲ್ದಂಡೆ ಯೋಜನೆಯಿಂದ ಹರಿದ ನೀರೂ ಜಲಾಶಯ ತುಂಬಲು ನೆರವಾಗಿತ್ತು.

ಮೈ ಮೊದಲು, ಮನಸ್ಸು ಆಮೇಲೆ

ಮನಸ್ಸು ಸರಿಹೋಗಲಿ, ಆಮೇಲೆ ಹೊರಗೆ ಹೋಗುತ್ತೇನೆ ಅಂದರೆ ಅದು ಆಗುವ ಮಾತಲ್ಲ. ಮೊದಲು ಚಪ್ಪಲಿ ಮೆಟ್ಟಿ. ದಾವಣಗೆರೆಯವರಿಗೆ ಕುಂದುವಾಡ ಕೆರೆ ಏರಿ ಇದೆ, ದುರ್ಗದವರಿಗೆ ಕೋಟೆ ಇದೆ. ಅಷ್ಟು ದೂರ ಆಗದಿದ್ದರೆ ಬೀದಿ ಕೊನೆವರೆಗೆ ಹೋಗಿ ಬನ್ನಿ. ಒಬ್ಬರ ಹತ್ತಿರವಾದರೂ ನಾಲ್ಕು ಮಾತಾಡಿ.

ಕಷ್ಟ ಇನ್ನೊಬ್ಬರದಾದರೆ

'ನಿಮಗಿಂತ ಕಷ್ಟದಲ್ಲಿ ಇರೋರು ಇಲ್ವಾ?' ಅನ್ನಬೇಡಿ. ಕೇಳಿದವರಿಗೆ ಅಳಲೂ ಹಕ್ಕಿಲ್ಲ ಅನ್ನಿಸುತ್ತೆ. ಸಾವಾದ ಮನೆಯಲ್ಲಂತೂ ಒಳ್ಳೆಯದನ್ನು ನೋಡಿ ಅನ್ನುವ ಉಪದೇಶ ಬೇಡವೇ ಬೇಡ. ಮೂರು ಸಾಲಿನ ಅಭ್ಯಾಸವನ್ನೂ ಅಲ್ಲಿ ಹೇಳಿಕೊಡಲು ಹೋಗಬೇಡಿ, ಅದಕ್ಕೆ ಕಾಲ ಬರುತ್ತದೆ. ಅಡುಗೆ ಮಾಡಿ ಕಳಿಸಿ. ಹಸು ಇದ್ದರೆ ಹಾಲು ಕರೆದು ಡೇರಿಗೆ ಹಾಕಿ ಬನ್ನಿ. ಮಕ್ಕಳನ್ನು ಸ್ಕೂಲಿಗೆ ಬಿಟ್ಟು ಬನ್ನಿ.

ಇಷ್ಟಕ್ಕೂ ಬಗ್ಗದಿದ್ದರೆ

ಎರಡು ವಾರವಾದರೂ ದಿನದ ಬಹುಪಾಲು ಹೊತ್ತು ಮನಸ್ಸು ಕುಗ್ಗಿಯೇ ಇದ್ದರೆ, ನಿದ್ದೆ–ಊಟ ಕೆಟ್ಟರೆ, ಯಾವುದರಲ್ಲೂ ಆಸಕ್ತಿ ಇಲ್ಲದಿದ್ದರೆ ಅದು ಕಾಯಿಲೆ ಇರಬಹುದು. ನೋಟ್‌ಬುಕ್ಕಿನಿಂದ ವಾಸಿಯಾಗುತ್ತೆ ಅಂತ ಕಾಯಬೇಡಿ. ಸಾಯುವ ಮಾತು ಬಾಯಲ್ಲಿ ಬಂದರೆ ಎರಡು ವಾರ ಎಣಿಸುವುದೂ ಬೇಡ, ಅವರನ್ನು ಒಬ್ಬರೇ ಬಿಡಬೇಡಿ. ಕೇಂದ್ರ ಸರ್ಕಾರ 2022ರ ಅಕ್ಟೋಬರ್‌ನಲ್ಲಿ ಶುರು ಮಾಡಿದ ಟೆಲಿ ಮನಸ್ ಸಹಾಯವಾಣಿಯ ನಂಬರ್ 14416. ದುಡ್ಡು ಬೇಕಿಲ್ಲ, ಹಗಲು–ರಾತ್ರಿ ಯಾವಾಗ ಬೇಕಾದರೂ ಕನ್ನಡದಲ್ಲೇ ಮಾತಾಡಬಹುದು. ಜಿಲ್ಲಾಸ್ಪತ್ರೆಯ ಮನೋರೋಗ ವಿಭಾಗಕ್ಕೂ ಹೋಗಬಹುದು. ಮನೆಯವರು 'ಜನ ಏನಂದುಕೊಳ್ತಾರೋ' ಅಂತ ಹಿಂಜರಿದರೆ ಪಕ್ಕದಲ್ಲಿ ಕೂತು ನೀವೇ ನಂಬರ್ ಒತ್ತಿಕೊಡಿ.